ಏಳಕ್ಕೆ ಉಳಿದದ್ದು ಆರು

ತೀರಿಕೊಂಡ ಅಪ್ಪನಿಗೆ ಹಾಕುವ ಅಂಗಿಗೆ ಮೂರನೆಯ ಗುಂಡಿ ಹೊಲಿದು, ಮಗಳು ಇನ್ನೇನು ದಾರ ಕಚ್ಚಿ ತುಂಡು ಮಾಡಬೇಕು, ಅಷ್ಟರಲ್ಲಿ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತು ಪಂಚಾಯಿತಿ ಶುರು ಮಾಡಿದ.

"ಸತ್ತವರ ಮುಂದೆ ಮಗ್ಗಿ ಒಪ್ಪಿಸೋದು ಎಲ್ಲಾದ್ರೂ ಉಂಟೇನಮ್ಮ? ಎರಡು ಒಳ್ಳೆ ಮಾತಾಡಿ ಕಳಿಸಿಕೊಡೋದು ಬಿಟ್ಟು ಇದೇನು ಶಾಲೆ ಪರೀಕ್ಷೆನಾ?"

"ಅಪ್ಪ ಕೇಳ್ದ. ನಾನು ಹೂಂ ಅಂದಿದ್ದೀನಿ," ಎಂದಳು ಅವಳು, ದಾರ ಹಲ್ಲಿನಲ್ಲಿದ್ದಂತೆಯೇ.

"ಹಾಸಿಗೆ ಹಿಡಿದ ಮನುಷ್ಯ ನೂರು ಕೇಳ್ತಾನೆ. ಹೋಗ್ಲಿ, ಮಾಡ್ಲೇಬೇಕು ಅಂದ್ರೆ ನಿಮ್ಮಣ್ಣ ಇಲ್ವಾ? ಇಪ್ಪತ್ತು ವರ್ಷದಿಂದ ಲೆಕ್ಕದ ಮೇಷ್ಟ್ರು. ಅವನು ಮಾಡ್ಲಿ. ನಿಂಗ್ಯಾಕೆ ಬೇಕೇ, ರಬ್ಬರು, ಸುಮ್ನೆ ನಾಲ್ಕು ಜನರ ಮುಂದೆ?"

ರಬ್ಬರು ಅವಳ ಅಡ್ಡಹೆಸರು. ನಲವತ್ತು ದಾಟಿದರೂ, ಬೀದಿಯಲ್ಲಿ ಒಳ್ಳೆ ಟೈಲರ್ ಎಂದು ಹೆಸರಾದರೂ, ಮನೆಯೊಳಗೆ ಅವಳು ರಬ್ಬರೇ. ಚಿಕ್ಕಂದಿನಲ್ಲಿ ಬರೆದದ್ದನ್ನೆಲ್ಲ ಅಳಿಸುತ್ತಿದ್ದಳು ಎಂದು ಅಣ್ಣ ಇಟ್ಟ ಹೆಸರು. ಇಟ್ಟವನಿಗೆ ಮರೆತುಹೋಗಿರಬಹುದು, ಕರೆಸಿಕೊಂಡವಳಿಗೆ ಮರೆತಿರಲಿಲ್ಲ.

ಅಣ್ಣ ಪಕ್ಕದ ಕೋಣೆಯಲ್ಲೇ ಇದ್ದ. ಎಲ್ಲ ಕೇಳಿಸುತ್ತಿತ್ತು. ಅಪ್ಪ ತನ್ನನ್ನು ಬಿಟ್ಟು ತಂಗಿಗೆ ಈ ಕೆಲಸ ವಹಿಸಿದ್ದು ಅವನನ್ನು ಮೂರು ವಾರದಿಂದ ಚುಚ್ಚುತ್ತಿತ್ತು.

"ದೊಡ್ಡಪ್ಪ, ದಾರಿ ಬಿಡಿ. ಅಂಗಿ ಹಾಕ್ಬೇಕು," ಎಂದಳು ಮಗಳು.

"ನಿಮ್ಮಪ್ಪಂದೂ ಹೀಗೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ಗೊಣಗುತ್ತಾ ದೊಡ್ಡಪ್ಪ ದಾರಿ ಬಿಟ್ಟ.

*

ಅಪ್ಪ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ನಂಬರು ಹೊಡೆದವನು. ಪ್ರತಿ ಪಂಪಿಗೂ ಒಂದು ಹಿತ್ತಾಳೆ ತಗಡು, ತಗಡಿಗೊಂದು ನಂಬರು. ತಗಡಿನ ಮೇಲೆ ಉಕ್ಕಿನ ಅಚ್ಚು ನಿಲ್ಲಿಸಿ ಸುತ್ತಿಗೆಯಿಂದ ಒಂದೇ ಏಟು. ಎರಡನೇ ಏಟು ಹಾಕಿದರೆ ಅಂಕಿ ಜೋಡಿಯಾಗಿ ಮೂಡಿ ನೆರಳು ಬಿದ್ದಂತಾಗುತ್ತದೆ, ತಗಡು ಗುಜರಿಗೆ. ಹಾಗಾಗಿ ಅವನು ಮೊದಲು ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಿದ್ದ, ಅಚ್ಚಿನ ಮೊನೆಯನ್ನು ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದ, ಆಮೇಲೆ ಹೊಡೆಯುತ್ತಿದ್ದ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ನಂಬರಣ್ಣ.

ಆ ಕೆಲಸ ಅವನ ನಾಲಿಗೆಗೆ ಒಂದು ಅಭ್ಯಾಸ ಹಚ್ಚಿತ್ತು. ಯಾರು ಏನು ಹೇಳಿದರೂ "ಖಾತ್ರಿನಾ?" ಎನ್ನುವುದು. ಹೆಂಡತಿ ಉಪ್ಪು ಹಾಕಿದ್ದೀನಿ ಅಂದರೂ ಖಾತ್ರಿನಾ, ಪೋಸ್ಟಿನವನು ಕಾಗದ ಇಲ್ಲ ಅಂದರೂ ಖಾತ್ರಿನಾ.

ಮಗಳಿಗೆ ಆಗ ಒಂಬತ್ತು ವರ್ಷ. ಅಡುಗೆಮನೆಯ ಮೇಜಿನ ಮೇಲೆ ಭಾಗಾಕಾರ ಮಾಡಿ ತೋರಿಸುತ್ತಿದ್ದಳು. ಅಪ್ಪ ಕನ್ನಡಕ ಏರಿಸಿ ನೋಡಿ, "ಖಾತ್ರಿನಾ?" ಎನ್ನುತ್ತಿದ್ದ. ಅಷ್ಟು ಸಾಕಾಗುತ್ತಿತ್ತು. ಎಲ್ಲೋ ತಪ್ಪಿದೆ ಎಂದುಕೊಂಡು ಪೂರ್ತಿ ಲೆಕ್ಕ ಅಳಿಸಿ ಹಾಕುತ್ತಿದ್ದಳು. ಎರಡನೆಯ ಸಲ ಮಾಡಿದ್ದು ನಿಜವಾಗಿಯೂ ತಪ್ಪಾಗುತ್ತಿತ್ತು. ಪಕ್ಕದಲ್ಲಿ ಕೂತ ಅಣ್ಣ ಕಿಸಕ್ಕೆಂದು ನಗುತ್ತಿದ್ದ. ಹೀಗೆ ಒಂದು ವರ್ಷದಲ್ಲಿ ಪುಸ್ತಕದ ಹಾಳೆಗಳು ಸವೆದು ತೂತು ಬಿದ್ದವು, ಅವಳು ಲೆಕ್ಕದ ಕಡೆಗೆ ಬೆನ್ನು ತಿರುಗಿಸಿದಳು.

ಮುಂದೆ ಟೈಲರ್ ಆದಮೇಲೂ ಅಷ್ಟೇ. ಅರ್ಧ ಬೇಕಾದರೆ ಟೇಪನ್ನು ಒಂದು ಸಲ ಮಡಚುತ್ತಿದ್ದಳು, ಕಾಲು ಬೇಕಾದರೆ ಎರಡು ಸಲ. ಅಂಕಿಯ ತಂಟೆಯೇ ಇಲ್ಲ. ಆದರೆ ಟೇಪನ್ನು ಏಳಾಗಿ ಮಡಚಲು ಯಾರಿಗೂ ಬರುವುದಿಲ್ಲ.

*

ಮೂರು ವಾರದ ಹಿಂದೆ, ಮಧ್ಯಾಹ್ನ, ಹಾಸಿಗೆಯ ಪಕ್ಕದಲ್ಲಿ ಅವಳು ಕೂತಿದ್ದಾಗ ಅಪ್ಪ ಆ ನಂಬರಿನ ಸುದ್ದಿ ತೆಗೆದ. ಅಪ್ಪನ ಹತ್ತಿರ ಯಾವುದೋ ಒಂದು ನಂಬರು ಇದೆ, ಊಟದ ಬಿಡುವಿನಲ್ಲಿ ಕೂತು ವರ್ಷಗಟ್ಟಲೆ ಹುಡುಕಿದ್ದಾನೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾವ ನಂಬರು ಎಂದು ಯಾರೂ ಕೇಳಿರಲಿಲ್ಲ. ನೊಣ ಹೊಡೆಯುವ ಹೊತ್ತಿನಲ್ಲಿ ಮಾಡಿದ ಕೆಲಸ ಎಂದು ದೊಡ್ಡಪ್ಪ ಹೇಳಿದ್ದೇ ಎಲ್ಲರ ಅಭಿಪ್ರಾಯವಾಗಿತ್ತು.

"ಒಂದರಿಂದ ಒಂಬತ್ತು, ಒಂಬತ್ತು ಅಚ್ಚು. ಸೊನ್ನೆ ಪಕ್ಕಕ್ಕಿಡು," ಎಂದ ಅಪ್ಪ. "ಒಂದೊಂದನ್ನೂ ಒಂದೇ ಸಲ ಹೊಡೀಬೇಕು. ಮೊದಲ ಎರಡು ಅಂಕಿ ಸೇರಿ ಆಗೋ ಸಂಖ್ಯೆ ಎರಡಕ್ಕೆ ಭಾಗವಾಗಿ ಹೋಗ್ಬೇಕು. ಮೊದಲ ಮೂರು ಮೂರಕ್ಕೆ. ನಾಲ್ಕು ನಾಲ್ಕಕ್ಕೆ. ಹೀಗೇ ಒಂಬತ್ತರವರೆಗೂ, ಎಲ್ಲೂ ಶೇಷ ಉಳೀಬಾರ್ದು."

"ಅಂಥವು ಎಷ್ಟಿವೆ?"

"ಒಂಬತ್ತು ಅಚ್ಚನ್ನ ಮೂರು ಲಕ್ಷದ ಅರವತ್ತೆರಡು ಸಾವಿರದ ಎಂಟುನೂರ ಎಂಬತ್ತು ಥರ ಜೋಡಿಸಬಹುದು. ಅದ್ರಲ್ಲಿ ಒಂದೇ ಒಂದು." ಅಪ್ಪನ ಮುಖದಲ್ಲಿ ನಗು ಬಂತು. "ಎಲ್ಲಾನೂ ಹೊಡೆದು ನೋಡಿದೆ ಅಂದ್ಕೋಬೇಡ. ಐದನೇ ಜಾಗದಲ್ಲಿ ಐದೇ ಕೂರ್ಬೇಕು, ಬೇರೆ ದಾರಿ ಇಲ್ಲ. ಎರಡು, ನಾಲ್ಕು, ಆರು, ಎಂಟನೇ ಜಾಗದಲ್ಲಿ ಸಮಸಂಖ್ಯೆ. ಹೀಗೆ ಒಬ್ಬೊಬ್ಬರನ್ನೇ ಹೊರಗೆ ಕಳಿಸ್ತಾ ಬಂದೆ. ಕೊನೆಗೆ ಹತ್ತು ಉಳಿದ್ವು. ಆ ಹತ್ತೂ ಏಳು ಬಿಟ್ಟು ಉಳಿದ ಎಲ್ಲಕ್ಕೂ ಹೋಗ್ತವೆ. ಏಳರ ಹತ್ರ ಬಂದಾಗ ಒಂಬತ್ತು ಬಿದ್ದುಹೋದ್ವು. ಒಂದು ನಿಂತ್ಕೊಳ್ತು."

ಆಮೇಲೆ ತನ್ನ ಆಸೆ ಹೇಳಿದ. ಶವಪೆಟ್ಟಿಗೆಯ ಮೇಲೆ ಹೆಸರು ಬೇಡ, ಆ ನಂಬರು ಸಾಕು. ಮಣ್ಣಿಗೆ ಇಳಿಸುವ ಮುಂಚೆ ಯಾರೂ ಭಾಷಣ ಮಾಡಬಾರದು. ಮಗಳು ಆ ನಂಬರನ್ನು ಒಂದರಿಂದ ಒಂಬತ್ತರವರೆಗೆ ಎಲ್ಲರಿಗೂ ಕೇಳುವ ಹಾಗೆ ಭಾಗಿಸಬೇಕು. ಕಾಗದ ಇಲ್ಲದೆ, ಬಾಯಲ್ಲೇ.

"ಅಣ್ಣಂಗೆ ಹೇಳಪ್ಪ," ಎಂದಳು ಅವಳು.

"ಅವನು ಮಾಡ್ತಾನೆ ಅಂತ ಊರಿಗೇ ಗೊತ್ತು. ಅದ್ರಲ್ಲೇನಿದೆ?" ಎಂದ ಅಪ್ಪ. "ನೀನು ಚಿಕ್ಕೋಳಿದ್ದಾಗ ನಾನು ಖಾತ್ರಿನಾ ಅಂದಾಗಲೆಲ್ಲ ಅಳಿಸ್ತಿದ್ದೆ. ಸರಿ ಇದ್ದದ್ದನ್ನೂ ಅಳಿಸ್ತಿದ್ದೆ. ನಾನು ಕೇಳ್ತಿದ್ದದ್ದು ಅಭ್ಯಾಸಬಲ ಕಣೆ, ತಪ್ಪಿದೆ ಅಂತಲ್ಲ. ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ನಂಬರು ಯಾವ್ದು ಹೇಳು. ಕಲ್ತುಕೊಳ್ತೀನಿ."

"ಹೇಳಲ್ಲ. ಹೇಳಿದ್ರೆ ಉತ್ತರ ಬಾಯಿಪಾಠ ಮಾಡ್ಕೊಂಡು ಬರ್ತೀಯ. ಕಾರ್ಖಾನೆಯ ಗಿಡ್ಡನ ಹತ್ರ ಚೀಟಿ ಕೊಟ್ಟಿದ್ದೀನಿ, ಅವನು ತಗಡಿಗೆ ಹೊಡೆದು ತರ್ತಾನೆ. ಅವತ್ತೇ ನೋಡು, ಅವತ್ತೇ ಭಾಗಿಸು."

ಅವಳು ಆ ಮೂರು ವಾರ ಹೊಲಿಗೆ ಯಂತ್ರ ತುಳಿಯುತ್ತಾ ಮಗ್ಗಿ ಹೇಳಿಕೊಂಡಳು. ಏಳರ ಮಗ್ಗಿ ಹೆಚ್ಚು. ರವಿಕೆಗೆ ಅಳತೆ ಕೊಡಲು ಬಂದ ಹೆಂಗಸರು ಇವಳಿಗೇನೋ ಆಗಿದೆ ಎಂದು ಮುಖ ಮುಖ ನೋಡಿಕೊಂಡರು.

*

ಸ್ಮಶಾನದ ಹಾಲಿನಲ್ಲಿ ಅರವತ್ತು ಎಪ್ಪತ್ತು ಜನ ಸೇರಿದ್ದರು. ಅರ್ಧಕ್ಕರ್ಧ ಕಾರ್ಖಾನೆಯವರು. ಪೆಟ್ಟಿಗೆಯ ಮುಚ್ಚಳದ ಮೇಲೆ ಮೊಳದುದ್ದದ ಹಿತ್ತಾಳೆ ತಗಡು, ಅದರ ಮೇಲೆ ಹೆಬ್ಬೆರಳಷ್ಟು ದೊಡ್ಡ ಒಂಬತ್ತು ಅಂಕಿಗಳು, ದೂರ ದೂರವಾಗಿ. ದೊಡ್ಡ ಪಂಪಿಗೆ ಹೊಡೆಯುವ ಅಚ್ಚು ಅದು. ಹೊಡೆದವನು ಗಿಡ್ಡಣ್ಣ, ಅಪ್ಪನ ಕೈಕೆಳಗೆ ಕೆಲಸ ಕಲಿತು ಈಗ ಅಪ್ಪನ ಜಾಗದಲ್ಲಿರುವವನು. ಐವತ್ತೈದರ ಆಸುಪಾಸು, ಸುತ್ತಿಗೆಯ ಸದ್ದಿಗೆ ಕಿವಿ ಮುಕ್ಕಾಲು ಹೋಗಿದೆ. ಅಪ್ಪನ ಹಳೆಯ ಅಚ್ಚುಗಳ ಡಬ್ಬಿಯನ್ನು ಮನೆಯವರಿಗೆ ಒಪ್ಪಿಸಲೆಂದು ತಂದವನು ಅದನ್ನು ಎದೆಗೆ ಅವಚಿಕೊಂಡು ಕೊನೆಯ ಸಾಲಿನಲ್ಲಿ ನಿಂತಿದ್ದ.

"ಹನ್ನೊಂದೂವರೆಗೆ ಮುಂದಿನವರು ಬರ್ತಾರೆ," ಎಂದು ಸ್ಮಶಾನದ ಗುಮಾಸ್ತ ಮೊದಲೇ ಹೇಳಿಬಿಟ್ಟ. ಅಣ್ಣ ಅವನೊಡನೆ ಮಾತಾಡಲು ಬಾಗಿಲಿಗೆ ಹೋದ.

ಮಗಳು ಪೆಟ್ಟಿಗೆಯ ಪಕ್ಕದಲ್ಲಿ ನಿಂತಳು.

"ಇದು ಅಪ್ಪನ ನಂಬರು. ಅಪ್ಪ ಹೇಳಿದ ಹಾಗೆ ಭಾಗಿಸ್ತೀನಿ. ಮೊದಲ ಅಂಕಿ ಒಂದು. ಒಂದಕ್ಕೆ ಹೋಗುತ್ತೆ. ಹದಿನೆಂಟು. ಎರಡಕ್ಕೆ ಹೋದ್ರೆ ಒಂಬತ್ತು. ನೂರ ಎಂಬತ್ಮೂರು. ಮೂರಕ್ಕೆ ಹೋದ್ರೆ ಅರವತ್ತೊಂದು."

ಸೇರಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕೆಮ್ಮಿದರು. ನಾಲ್ಕಕ್ಕೆ ನಾನೂರ ಐವತ್ತೊಂಬತ್ತು ಬಂತು. ಐದಕ್ಕೆ ಮೂರು ಸಾವಿರದ ಆರುನೂರ ಎಪ್ಪತ್ಮೂರು. ಅಷ್ಟು ಹೊತ್ತಿಗೆ ಕಾರ್ಖಾನೆಯವರು ಬೆರಳು ಮಡಚಿಕೊಂಡು ಹಿಂಬಾಲಿಸತೊಡಗಿದ್ದರು. ಆರಕ್ಕೆ ಮೂವತ್ತು ಸಾವಿರದ ಆರುನೂರ ಒಂಬತ್ತು. ಶೇಷ ಇಲ್ಲ. ಅವಳಿಗೆ ಬಾಳಿನಲ್ಲಿ ಮೊದಲ ಸಲ ಅಂಕಿಗಳು ಹೇಳಿದ ಮಾತು ಕೇಳುತ್ತಿವೆ ಅನ್ನಿಸಿತು. ಖುಷಿಯಾಯಿತು, ಆ ಹೊತ್ತಿನಲ್ಲಿ ಖುಷಿಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

"ಈಗ ಏಳು. ಮೊದಲ ಏಳು ಅಂಕಿ, ಹದಿನೆಂಟು ಲಕ್ಷದ ಮೂವತ್ತಾರು ಸಾವಿರದ ಐನೂರ ನಲವತ್ತೇಳು. ಹದಿನೆಂಟಕ್ಕೆ ಏಳೆರಡ್ಲೆ ಹದಿನಾಲ್ಕು, ಉಳಿದದ್ದು ನಾಲ್ಕು. ನಲವತ್ಮೂರಕ್ಕೆ ಏಳಾರ್ಲೆ ನಲವತ್ತೆರಡು, ಉಳಿದದ್ದು ಒಂದು. ಹದಿನಾರಕ್ಕೆ ಏಳೆರಡ್ಲೆ, ಉಳಿದದ್ದು ಎರಡು. ಇಪ್ಪತ್ತೈದಕ್ಕೆ ಏಳ್ಮೂರ್ಲೆ ಇಪ್ಪತ್ತೊಂದು, ನಾಲ್ಕು. ನಲವತ್ನಾಲ್ಕಕ್ಕೆ ಏಳಾರ್ಲೆ, ಎರಡು. ಇಪ್ಪತ್ತೇಳಕ್ಕೆ ಏಳ್ಮೂರ್ಲೆ ಇಪ್ಪತ್ತೊಂದು..."

ಅವಳು ನಿಂತಳು.

"ಆರು ಉಳೀತು," ಎಂದಳು.

ಹಾಲಿನಲ್ಲಿ ಗುಜುಗುಜು ಎದ್ದಿತು. ಅವಳು ಮತ್ತೆ ಮೊದಲಿನಿಂದ ಮಾಡಿದಳು, ಇನ್ನೂ ನಿಧಾನವಾಗಿ. ಮತ್ತೆ ಆರು.

ದೊಡ್ಡಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಎಲ್ಲೋ ಕೈತಪ್ಪಿದೆ ಕಣಮ್ಮ. ನಿಂಗೆ ಲೆಕ್ಕ ಮೊದಲಿಂದ ಆಗಿಬರಲ್ಲ. ಹೋಗ್ಲಿ ಬಿಡು. ಸೊನ್ನೆ ಬಂತು ಅಂದ್ಬಿಟ್ಟು ಎಂಟಕ್ಕೆ ಹೋಗು. ಯಾರು ನೋಡ್ತಾರೆ?"

"ಸೊನ್ನೆ ಬಂದಿಲ್ಲ."

"ಖಾತ್ರಿನಾ?" ಎಂದುಬಿಟ್ಟ ದೊಡ್ಡಪ್ಪ. ತಮ್ಮನ ಮನೆಯ ಮಾತು, ಅವನ ಬಾಯಿಗೂ ಅಂಟಿತ್ತು.

ಅವಳು ಮತ್ತೆ ಒಂಬತ್ತು ವರ್ಷದವಳಾದಳು. ಬಲಗೈ ತಾನಾಗಿಯೇ ಮುಂದೆ ಬಂದು ಗಾಳಿಯಲ್ಲಿ ಏನನ್ನೋ ಉಜ್ಜಿತು. ಅವಳು ಆ ಕೈಯನ್ನು ನೋಡಿಕೊಂಡಳು, ಕೆಳಗಿಳಿಸಿದಳು.

"ಖಾತ್ರಿ," ಎಂದಳು. "ಆರು."

ಬಾಗಿಲಲ್ಲಿದ್ದ ಅಣ್ಣ ಒಳಗೆ ಬಂದ. ಮೇಷ್ಟ್ರಲ್ಲವೇ, ತಗಡಿನ ಮೇಲೆ ಕಣ್ಣಾಡಿಸಿದ, ತುಟಿಗಳು ಅಲುಗಿದವು, ಅರ್ಧ ನಿಮಿಷದಲ್ಲಿ ಮುಗಿಯಿತು.

"ಇವಳು ಮಾಡಿದ್ದು ಸರಿ. ಶೇಷ ಆರೇ," ಎಂದ. ಆಮೇಲೆ ತಂಗಿಗೆ ಮಾತ್ರ ಕೇಳುವ ಹಾಗೆ, "ಅಪ್ಪನ ನಂಬರೇ ತಪ್ಪು ಕಣೆ. ಪಾಪ, ಅಷ್ಟು ವರ್ಷ... ಇದನ್ನ ಇಲ್ಲಿಗೇ ನಿಲ್ಲಿಸೋಣ. ಜನ ನಗೋದು ಬೇಡ."

ಈಗ ಅವಳಿಗೆ ನಿಜವಾಗಿ ಭಯವಾಯಿತು. ತಾನು ತಪ್ಪಿದ್ದರೆ ನಗೆಪಾಟಲು ಅಷ್ಟೇ, ಅದು ರೂಢಿಯಾಗಿತ್ತು. ತಾನು ಸರಿಯಾದರೆ ಅಪ್ಪ ತಪ್ಪು. ಮೂವತ್ತೇಳು ವರ್ಷದಲ್ಲಿ ಒಂದು ತಗಡನ್ನೂ ಕೆಡಿಸದವನು ತನ್ನದೆಂದು ಇಟ್ಟುಕೊಂಡ ಒಂದೇ ಒಂದು ನಂಬರಿನಲ್ಲಿ ತಪ್ಪಿದ್ದ, ಅದನ್ನು ಎಪ್ಪತ್ತು ಜನರ ಮುಂದೆ ಬಯಲು ಮಾಡಿದವಳು ಮಗಳು. ಸೊನ್ನೆ ಎಂದು ಹೇಳಿ ಮುಗಿಸಿದ್ದರೆ ಎಷ್ಟು ಚೆನ್ನಾಗಿತ್ತು.

"ಅವರು ತಪ್ಪು ನಂಬರು ಹೊಡೆದದ್ದು ನಾನು ನೋಡಿಲ್ಲ," ಎಂದಳು ಪೆಟ್ಟಿಗೆಯ ತಲೆಯ ಬಳಿ ಕೂತಿದ್ದ ಅಮ್ಮ.

ಮಗಳು ಮತ್ತೆ ತಗಡು ನೋಡಿದಳು. ಆರರವರೆಗೆ ಚೊಕ್ಕವಾಗಿ ಹೋಗಿ ಏಳರ ಹತ್ತಿರ ಬಿದ್ದ ನಂಬರು. ಅಂಥವನ್ನು ಅಪ್ಪ ನೋಡಿದ್ದ, ಒಂದಲ್ಲ ಒಂಬತ್ತು. ಒಂಬತ್ತನ್ನೂ ತಾನೇ ಕೈಯಾರೆ ಹೊರಗೆ ಹಾಕಿದ್ದ. ಹಾಗೆ ಹೊರಗೆ ಹಾಕಿದ್ದನ್ನು ಪೆಟ್ಟಿಗೆಯ ಮೇಲೆ ಹೊಡೆಸಿಕೊಳ್ಳುವಷ್ಟು ಮರೆವು ಅಪ್ಪನಿಗೆ ಬಂದಿರಲಿಲ್ಲ.

"ಅಪ್ಪಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ. ತಗಡು ತಪ್ಪು," ಎಂದಳು.

"ಕುಣಿಯಕ್ಕೆ ಬರದವಳು ನೆಲ ಡೊಂಕು ಅಂದ್ಲಂತೆ," ಎಂದ ದೊಡ್ಡಪ್ಪ, ಈ ಸಲ ದನಿ ತಗ್ಗಿಸದೆ.

ಅವಳು ಅವನನ್ನು ದಾಟಿಕೊಂಡು ಕೊನೆಯ ಸಾಲಿಗೆ ಹೋದಳು. ಗಿಡ್ಡಣ್ಣನ ಕಿವಿಗೆ ಬಾಯಿ ಹಚ್ಚಿ ಕೂಗಿದಳು. "ಗಿಡ್ಡಣ್ಣ, ಚೀಟಿ ಇದೆಯಾ?"

ಅವನು ಅಂಗಿಯ ಜೇಬಿನಿಂದ ಚೀಟಿ ತೆಗೆದು ಕೊಟ್ಟ. ಅಪ್ಪನ ನೆಟ್ಟಗಿನ ಅಕ್ಷರ. ಮೂರು, ಎಂಟು, ಒಂದು, ಆರು, ಐದು, ನಾಲ್ಕು, ಏಳು, ಎರಡು, ಒಂಬತ್ತು. ತಗಡಿನ ಮೇಲೆ ಒಂದು, ಎಂಟು, ಮೂರು. ಮೂರೂ ಒಂದೂ ಜಾಗ ಬದಲಾಯಿಸಿಕೊಂಡಿದ್ದವು.

ಅವಳು ಚೀಟಿಯನ್ನೂ ತಗಡನ್ನೂ ತೋರಿಸಿದಳು. ಗಿಡ್ಡಣ್ಣ ಎರಡು ಸಲ ನೋಡಿದ. ಡಬ್ಬಿ ಕೈಯಿಂದ ಜಾರಿತು.

"ಹೊಡೆಯುವಾಗ ಬಾಯಲ್ಲಿ ಹೇಳ್ಲಿಲ್ವಾ?" ಎಂದಳು.

"ಗಂಟಲು ಕಟ್ಟಿತ್ತಮ್ಮ," ಎಂದ ಅವನು. ಕಿವುಡರ ಗಟ್ಟಿ ದನಿ, ಹಾಲಿಗೆಲ್ಲ ಕೇಳಿತು. "ಅಣ್ಣನ ನಂಬರು ಹೊಡೀತಾ ಬಾಯಿ ಬಿಟ್ರೆ ಅಳು ಬರ್ತಿತ್ತು. ಸುಮ್ನೆ ಹೊಡೆದೆ. ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು ಬಾಯಿ ಮುಚ್ಕೊಂಡು ಹೊಡೆದದ್ದು. ನನ್ನ ಕೈ ಮುರಿದುಹೋಗ."

"ಕೈ ಮುರಿಯೋದು ಬೇಡ. ಕೆಲ್ಸ ಇದೆ," ಎಂದಳು ಅವಳು. "ತಗಡು ತೆಗೀರಿ. ಹಿಂಭಾಗಕ್ಕೆ ಹೊಡೀರಿ."

ಗುಮಾಸ್ತ ಕೈಗಡಿಯಾರ ತೋರಿಸಿದ. "ಅಮ್ಮ, ಹನ್ನೊಂದೂ ಹತ್ತು ಆಯ್ತು."

"ಒಂಬತ್ತು ಏಟು. ಅಷ್ಟು ಹೊತ್ತಾಗುತ್ತಾ?"

"ಇವತ್ತೇ ಆಗ್ಬೇಕಾ? ಆಮೇಲೆ ಕಲ್ಲಿನ ಮೇಲೆ ಬರೆಸಿದ್ರೆ ಆಗಲ್ವಾ?" ಎಂದ ದೊಡ್ಡಪ್ಪ.

ಅಣ್ಣ ಆಗಲೇ ಮೊಣಕಾಲೂರಿ ತಗಡಿನ ಮೊಳೆ ಕೀಳುತ್ತಿದ್ದ. ಮುಚ್ಚಳ ಬಡಿಯಲೆಂದು ಇಟ್ಟಿದ್ದ ಸುತ್ತಿಗೆ ಸಿಕ್ಕಿತು. ಹಾಲಿನ ಕಲ್ಲುಮೆಟ್ಟಿಲ ಮೇಲೆ ತಗಡನ್ನು ಮಗುಚಿ ಹಾಕಿದರು. ಕಾರ್ಖಾನೆಯ ಇಬ್ಬರು ಅದರ ತುದಿ ಅದುಮಿ ಹಿಡಿದರು.

ಗಿಡ್ಡಣ್ಣ ಡಬ್ಬಿ ಎತ್ತಿಕೊಂಡು ಬಂದು ತಗಡಿನ ಮುಂದೆ ಕೂತ. ಮಗಳು ಅವನ ಎದುರು ಕೂತು, ಅವನಿಗೆ ತುಟಿ ಕಾಣುವ ಹಾಗೆ ಹೇಳಿದಳು. "ಮೂರು."

ಅವನು ಅಚ್ಚು ತೆಗೆದು ಮೊನೆಯನ್ನು ಹೆಬ್ಬೆರಳಿನಿಂದ ತಡವಿದ. "ಮೂರು," ಎಂದ. ಹೊಡೆದ.

"ಎಂಟು."

"ಎಂಟು."

ಹೀಗೇ ಒಂಬತ್ತೂ ಮೂಡಿದವು. ಹನ್ನೊಂದೂವರೆಯವರು ತಮ್ಮ ಪೆಟ್ಟಿಗೆಯೊಡನೆ ಗೇಟಿನ ಹತ್ತಿರ ಬಂದು ನಿಂತಿದ್ದರು. ಇವರೇನು ಬಡಿಯುತ್ತಿದ್ದಾರೆ ಎಂದು ಕೇಳಲು ಯಾರೂ ಮುಂದೆ ಬರಲಿಲ್ಲ. ಗುಮಾಸ್ತ ತಾನಾಗಿಯೇ ಹೋಗಿ ಅವರ ಹತ್ತಿರ ಏನೋ ಹೇಳಿದ.

ತಗಡನ್ನು ಮತ್ತೆ ಮುಚ್ಚಳಕ್ಕೆ ಬಡಿದಮೇಲೆ ಅವಳು ಒಂದರಿಂದ ಶುರು ಮಾಡಿದಳು. ಮಧ್ಯದಿಂದ ಸಾಕು ಎಂದು ಅಣ್ಣ ಹೇಳಿದ, ಅವಳು ಕೇಳಲಿಲ್ಲ. ಮೂವತ್ತೆಂಟು, ಹತ್ತೊಂಬತ್ತು. ಮುನ್ನೂರ ಎಂಬತ್ತೊಂದು, ನೂರ ಇಪ್ಪತ್ತೇಳು. ನಾಲ್ಕು, ಐದು, ಆರು ದಾಟಿದವು. ಆಮೇಲೆ ಏಳು.

"ಮೂವತ್ತೆಂಟಕ್ಕೆ ಏಳೈದ್ಲೆ ಮೂವತ್ತೈದು, ಉಳಿದದ್ದು ಮೂರು. ಮೂವತ್ತೊಂದಕ್ಕೆ ಏಳ್ನಾಲ್ಕ್ಲೆ ಇಪ್ಪತ್ತೆಂಟು, ಮೂರು. ಮೂವತ್ತಾರಕ್ಕೆ ಏಳೈದ್ಲೆ, ಒಂದು. ಹದಿನೈದಕ್ಕೆ ಏಳೆರಡ್ಲೆ, ಒಂದು. ಹದಿನಾಲ್ಕಕ್ಕೆ ಏಳೆರಡ್ಲೆ ಹದಿನಾಲ್ಕು. ಏನೂ ಉಳೀಲಿಲ್ಲ. ಏಳಕ್ಕೆ ಏಳೊಂದ್ಲೆ ಏಳು." ಅವಳು ಉಸಿರು ತೆಗೆದುಕೊಂಡಳು. "ಐದು ಲಕ್ಷದ ನಲವತ್ತೈದು ಸಾವಿರದ ಇನ್ನೂರ ಇಪ್ಪತ್ತೊಂದು. ಶೇಷ ಸೊನ್ನೆ."

ಎಂಟೂ ಒಂಬತ್ತೂ ಮುಗಿದವು. ಅಣ್ಣ ಗೋಡೆಯ ಕಡೆ ತಿರುಗಿ ನಿಂತಿದ್ದ.

"ಒಂದು ದಿನಾನೂ ಕೇಳ್ಲಿಲ್ಲ ಕಣೆ ನಾನು, ಯಾವ ನಂಬರಪ್ಪ ಅಂತ," ಎಂದ.

"ನಾನೂ ಕೇಳಿರ್ಲಿಲ್ಲ. ಬಾ, ಎತ್ತೋಣ," ಎಂದಳು ಅವಳು.

*

ಪೆಟ್ಟಿಗೆ ಗುಂಡಿಯ ತಳ ಮುಟ್ಟಿತು. ಮಣ್ಣು ಹಾಕುವವನು ಎಡಗಡೆ ನಿಂತು ಸಲಿಕೆ ಎತ್ತಿದ.

"ಅಲ್ಲಿಂದ ಬೇಡ," ಎಂದಳು ಮಗಳು. "ಈ ಕಡೆ ಬನ್ನಿ. ಒಂಬತ್ತರ ಕಡೆಯಿಂದ ಹಾಕಿ, ಒಂದೊಂದೇ ಅಂಕಿ."

"ಎಲ್ಲಿಂದ ಹಾಕಿದ್ರೂ ಮಣ್ಣೇ ತಾನೇ ಅಮ್ಮ?"

"ಈ ಕಡೆಯಿಂದ."

ಅವನು ಅವಳ ಮುಖ ನೋಡಿ ಮರುಮಾತಾಡದೆ ಬಲಗಡೆಗೆ ಬಂದ. ಪಳಗಿದ ಕೈ. ಸಲಿಕೆಯ ತುದಿಯಿಂದ ಸ್ವಲ್ಪವೇ ಮಣ್ಣು ಜಾರಿಸಿದ. ಒಂಬತ್ತು ಮುಚ್ಚಿತು, ಎಂಟು ಅಂಕಿ ಉಳಿದವು.

"ಎಂಟಕ್ಕೆ ಹೋಗುತ್ತೆ," ಎಂದಳು ಅವಳು.

ಎರಡು ಮುಚ್ಚಿತು. "ಏಳಕ್ಕೆ ಹೋಗುತ್ತೆ," ಎಂದ ಅಣ್ಣ.

ಏಳು ಮುಚ್ಚಿತು. ಯಾರೂ ಏನೂ ಹೇಳುವ ಮೊದಲೇ ಹಿಂದಿನಿಂದ ದೊಡ್ಡಪ್ಪನ ದನಿ ಬಂತು. "ಆರಕ್ಕೆ."

ನಾಲ್ಕು ಮುಚ್ಚಿತು, ಐದು ಮುಚ್ಚಿತು, ಆರು ಮುಚ್ಚಿತು. ಒಂದೊಂದು ಅಂಕಿ ಹೋದಾಗಲೂ ಉಳಿದದ್ದು ಸರಿಯಾಗಿ ಭಾಗವಾಗುತ್ತಲೇ ಇತ್ತು. ಒಂದು ಮುಚ್ಚಿ ಮೂವತ್ತೆಂಟು ಉಳಿಯಿತು, ಎಂಟೂ ಮುಚ್ಚಿತು. ಹಿತ್ತಾಳೆಯ ಎಡತುದಿಯಲ್ಲಿ ಮೂರು ಮಾತ್ರ ಬಿಸಿಲಿಗೆ ಹೊಳೆಯುತ್ತಿತ್ತು. ಸಲಿಕೆಯವನು ಕೈ ತಡೆದು ಅವಳ ಕಡೆ ನೋಡಿದ.

ಅವಳು ಹೂಂ ಎಂದಳು.